ಕೊಳವೆಯ ತುದಿಯ ಉಬ್ಬು

ಹಗುರ ವಿಮಾನದ ಕೂಲೆಂಟ್ ಹೋಸ್ (ಇಂಜಿನ್ನನ್ನು ತಂಪಾಗಿಸುವ ದ್ರವ ಹರಿಯುವ ಮೆದು ಕೊಳವೆ) ಲೋಹದ ಕೊಳವೆಯಿಂದ ಕಳಚದಿರಲು ಕ್ಲಿಪ್ಪನ್ನು ಚೆನ್ನಾಗಿ ಬಿಗಿದರೆ ಸಾಕು ಎಂದು ಲೇಖಕರು ಈ ಲೇಖನದಲ್ಲಿ ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಅಲ್ಯೂಮಿನಿಯಂ ಕೊಳವೆಯ ತುದಿಯಲ್ಲಿ ಸುತ್ತಲೂ ಉಬ್ಬು ಇಲ್ಲದಿದ್ದರೆ, ಇಂಜಿನ್ನಿನ ನಡುಕಕ್ಕೂ ಒಳಗಿನ ಒತ್ತಡಕ್ಕೂ ಸಿಕ್ಕಿದ ಹೋಸ್ ಎಷ್ಟು ಬಿಗಿದರೂ ನಿಧಾನವಾಗಿ ಜಾರಬಹುದು. ಸಿಲಿಕೋನ್ ಹೋಸ್ ಆದರಂತೂ ಸೀಳುಗಳಿರುವ ಸ್ಕ್ರೂ ಕ್ಲಿಪ್ ಅದರ ಮೈಯನ್ನೇ ಕೊಯ್ಯುವುದರಿಂದ, ಒಳಪಟ್ಟಿಯಿರುವ ಕ್ಲಿಪ್ಪನ್ನೋ ಸ್ಪ್ರಿಂಗ್ ಕ್ಲಿಪ್ಪನ್ನೋ ಬಳಸಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ಕೊಡಗಿನ ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಪಂಪು ನಡೆಸುವ ನಮಗೆ ಹೋಸ್ ಕಳಚಿದರೆ ನೀರಷ್ಟೇ ಪೋಲು, ಆದರೆ ಹಗುರ ವಿಮಾನಗಳ ಇಂಜಿನ್ನಾದ ರೋಟ್ಯಾಕ್ಸ್ 912ರಲ್ಲಿ ಸಿಲಿಂಡರ್ ಹೆಡ್‌ಗಳನ್ನು ತಂಪಾಗಿಡುವುದು ಹೋಸ್‌ನಲ್ಲಿ ಹರಿಯುವ ದ್ರವವೇ. ಮಡಿಕೇರಿಯ ಎತ್ತರದಲ್ಲೇ ನೀರು 100 ಡಿಗ್ರಿಗಿಂತ ಮೊದಲು ಕುದಿಯುವಾಗ, ಇನ್ನೂ ಮೇಲೆ ಹಾರುವ ವಿಮಾನದಲ್ಲಿ ಸಣ್ಣ ಸೋರಿಕೆಯಿಂದ ಒತ್ತಡ ಇಳಿದರೂ ದ್ರವ ಬೇಗ ಕುದಿಯುವ ಅಪಾಯವಿದೆ. ರಬ್ಬರ್ ಹೋಸ್‌ಗಳನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕೆಂಬ ತಯಾರಕರ ಸೂಚನೆಯನ್ನೂ ಲೇಖನದಲ್ಲಿ ದಯವಿಟ್ಟು ಸೇರಿಸಿ.