ಅಪ್ಪನ ಮನೆ ಗಂಟು

1974ರಲ್ಲಿ ಅಮೆರಿಕದ ಸಿಐಎ ಪೆಸಿಫಿಕ್ ತಳದಲ್ಲಿ ಮುಳುಗಿದ್ದ ಸೋವಿಯತ್ ಜಲಾಂತರ್ಗಾಮಿಯನ್ನು ಗುಟ್ಟಾಗಿ ಎತ್ತಲು ಹೋಯಿತು. ಅದಕ್ಕೆಂದೇ 'ಗ್ಲೋಮಾರ್ ಎಕ್ಸ್‌ಪ್ಲೋರರ್' ಎಂಬ ದೊಡ್ಡ ಹಡಗು ಕಟ್ಟಿಸಿತ್ತು. ಕೇಳಿದವರಿಗೆಲ್ಲ ಹೇಳಿದ್ದು ಬೇರೆ: ಸಮುದ್ರದ ತಳದಲ್ಲಿ ಮ್ಯಾಂಗನೀಸ್ ಗಂಟುಗಳಿವೆ, ಆರಿಸಲು ಹೋಗುತ್ತಿದ್ದೇವೆ. ಜನ ನಂಬಿದರು. ಸುಳ್ಳು ಎಷ್ಟು ಚೆನ್ನಾಗಿತ್ತು ಎಂದರೆ, ಈಗ ಕಂಪನಿಗಳು ಅದನ್ನೇ ನಿಜ ಮಾಡಲು ಹೊರಟಿವೆ.

ಗಂಟುಗಳಂತೂ ನಿಜವಾಗಿಯೂ ಇವೆ. ಆಲೂಗಡ್ಡೆ ಗಾತ್ರ. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ, 4 ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, ಯಾರ ತಂಟೆಗೂ ಹೋಗದೆ ಸುಮ್ನೆ ಬಿದ್ದಿವೆ. ಒಳಗೆ ನಿಕಲ್, ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್: ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಲೋಹಗಳು. ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಒಮ್ಮೆ ಆರಿಸಿಕೊಂಡರೆ ಮುಂದಿನ ಬೆಳೆಗೆ ತುಸು ಕಾಯಬೇಕಾದೀತು.

ಇದು ಯಾರ ಆಸ್ತಿ? 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ, ದೇಶಗಳ ಗಡಿ ಮೀರಿದ ಸಮುದ್ರತಳ ಇಡೀ ಮನುಕುಲದ ಪಿತ್ರಾರ್ಜಿತ. 'ನಮ್ಮಪ್ಪನ ಮನೆ ಗಂಟೇನು ಹೋಗಬೇಕು' ಎನ್ನುತ್ತೇವಲ್ಲ, ಇಲ್ಲಿ ಹೋಗುವುದು ಅದೇ ಗಂಟು. ಕಾಯಲು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರವಿದೆ. ಗಣಿಗೆ ಅನುಮತಿ ಕೊಡುವುದೂ ಅದೇ, ತಳದ ಜೀವಿಗಳನ್ನು ಕಾಪಾಡುವುದೂ ಅದೇ.

ಅನುಮತಿಗೆ ಮೊದಲು ಪರಿಸರದ ಮೇಲಾಗುವ ಪರಿಣಾಮದ ವರದಿ ಬೇಕು. ಅದನ್ನು ಮಾಡಿಸಿಕೊಡುವುದು ಗಂಟು ಎತ್ತಲಿರುವ ಕಂಪನಿಯೇ. ಹಾಲಿಗೆ ಬೆಕ್ಕಿನ ಕಾವಲು ಎಂದು ಮೂಗು ಮುರಿಯಬೇಡಿ. ಈ ಬೆಕ್ಕು ಕುಡಿದ ಪ್ರತಿ ಗುಟುಕಿಗೂ ಲೆಕ್ಕ ಬರೆದುಕೊಡುತ್ತದೆ.

ಲೆಕ್ಕ ಬರೆಯಲು ಕೆಳಗೆ ಯಾರಿದ್ದಾರೆ ಎಂದು ಗೊತ್ತಿರಬೇಕು, ಅಲ್ವಾ? 2023ರಲ್ಲಿ ವಿಜ್ಞಾನಿಗಳು ಈ ವಲಯದಲ್ಲಿ ಅಲ್ಲಿವರೆಗೆ ಸುಮಾರು 5,578 ಜಾತಿಯ ಪ್ರಾಣಿಗಳು ಕಂಡಿವೆ ಎಂದು ಅಂದಾಜು ಮಾಡಿದರು. ಅದರಲ್ಲಿ 90 ಶೇಕಡದಷ್ಟಕ್ಕೆ ಇನ್ನೂ ಹೆಸರೇ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತಿದ್ದೆವು. ಇಲ್ಲಿ ಹೆಸರಿಡುವ ಮುಂಚೆಯೇ ತಿಥಿ.

ಗೊತ್ತಿರುವ ನಾಲ್ಕು ಮುಖಗಳೂ ಕಂಪನಿಗೆ ಅನುಕೂಲದವಲ್ಲ. ಅಲ್ಲಿ ಸುತ್ತಲೂ ಮೆತ್ತನೆ ಕೆಸರು, ಅಂಟಿಕೊಳ್ಳಲು ಗಟ್ಟಿ ಜಾಗವೆಂದರೆ ಗಂಟು ಮಾತ್ರ. ಸ್ಪಂಜುಗಳು, ಹವಳಗಳು ಅದರ ಮೇಲೇ ಮನೆ ಮಾಡಿವೆ. 2016ರಲ್ಲಿ ಹವಾಯಿ ಬಳಿ 4,290 ಮೀಟರ್ ಆಳದಲ್ಲಿ ಬೆಳ್ಳಗಿನ ಆಕ್ಟೋಪಸ್ ಒಂದು ಕಂಡಿತು. ಕಾರ್ಟೂನಿನ ದೆವ್ವದ ಹಾಗಿದೆ ಎಂದು ಅದರದೇ ಹೆಸರಿಟ್ಟು 'ಕ್ಯಾಸ್ಪರ್' ಎಂದು ಕರೆದರು. ಅದರ ನೆಂಟರು ಪೆರು ಕಡೆಯ ಆಳದಲ್ಲಿ ಗಂಟಿನ ಮೇಲೆ ನಿಂತ ಸತ್ತ ಸ್ಪಂಜಿನ ಕಾಂಡಕ್ಕೆ ಮೊಟ್ಟೆ ಅಂಟಿಸಿ ಕಾವಲು ಕೂರುತ್ತಾರೆ. ತಾಯಿ ಕೂತ ಮನೆಯ ಅಡಿಪಾಯ ಕಿತ್ತು ನಾವು ಬ್ಯಾಟರಿ ಮಾಡುತ್ತೇವೆ. ಭೂಮಿ ಉಳಿಸಲಿಕ್ಕೆ.

'ಪರಿಣಾಮ ತಾತ್ಕಾಲಿಕ' ಎನ್ನುವವರೂ ಇದ್ದಾರೆ. ತಾತ್ಕಾಲಿಕ ಎಂದರೆ ಎಷ್ಟು ದಿನ? 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ಬಳಿಯ ಸಮುದ್ರತಳದಲ್ಲಿ ಕುಂಟೆ ಹೊಡೆದ ಹಾಗೆ ಕೆಸರು ಕೆದಕಿ ಬಂದರು. ಗಂಟು ಎತ್ತಲಿಲ್ಲ, ಬರೀ ಕೆದಕಿದರು. 26 ವರ್ಷದ ನಂತರ ಹೋಗಿ ನೋಡಿದರೆ ಗೆರೆಗಳು ಹಾಗೇ ಇದ್ದವು. ಸೂಕ್ಷ್ಮಜೀವಿಗಳೂ ಇನ್ನೂ ಚೇತರಿಸಿಕೊಂಡಿರಲಿಲ್ಲ. ಯಂತ್ರ ಓಡಿದಾಗ ಏಳುವ ಕೆಸರಿನ ಮೋಡ, ನೀರು ಸೋಸಿ ತಿನ್ನುವ ಜೀವಿಗಳ ಬಾಯಿಗೆ ಬೀಳುವುದು ಬೇರೆ. ಅದಕ್ಕೆ ವರದಿಯಲ್ಲಿ ಇನ್ನೊಂದು ಅಧ್ಯಾಯ.

2021ರಲ್ಲಿ ಒಂದು ಕಂಪನಿ ಇದನ್ನೆಲ್ಲ ಪರೀಕ್ಷಿಸಲು 25 ಟನ್ನಿನ ರೋಬೋಟ್ ಇಳಿಸಿತು. ಮೇಲಕ್ಕೆಳೆಯುವಾಗ ಅದು ಕೇಬಲ್‌ನಿಂದ ಕಳಚಿ ತಳದಲ್ಲೇ ಉಳಿಯಿತು. ಕೆಲವು ದಿನ ಪರದಾಡಿ ಹೇಗೋ ಎತ್ತಿದರು. ಆ ದಿನಗಳಲ್ಲಿ ಕೆಳಗಿನವರು ಅದರ ಸುತ್ತ ಬಂದು, ಗಟ್ಟಿ ಜಾಗ ಚೆನ್ನಾಗಿದೆ, ಸ್ವಲ್ಪ ದೊಡ್ಡ ಗಂಟು ಎಂದುಕೊಂಡಿರಬೇಕು.