ನೈಟ್ ಡ್ಯೂಟಿಗೆ ಮಾತ್ರೆ ಇಲ್ಲ

ಮೊನ್ನೆ ಬೆಳಗಿನ ಜಾವ ನಾಲ್ಕು ಗಂಟೆಗೆ ನಮ್ಮ ವಾರ್ಡಿನ ಜೂನಿಯರ್ ಹುಡುಗಿ ಒಂದು ಫಾರ್ವರ್ಡ್ ಕಳ್ಸಿ "ಅಕ್ಕಾ ಇದು ನಿಜಾನಾ" ಅಂತ ಕೇಳಿದ್ಲು. ಅವಳು ನರ್ಸಿಂಗ್ ಸ್ಟೇಷನ್ನಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತಿದ್ಲು, ಸತತ ಐದನೇ ನೈಟು. ನಂಗೆ ಅವತ್ತು ಆಫ್, ಆದ್ರೂ ಎಚ್ಚರ ಇದ್ದೆ, ಹದಿನಾಲ್ಕು ವರ್ಷ ನೈಟ್ ಮಾಡಿದ ಮೈಗೆ ಆಫ್ ಅಂದ್ರೆ ಅರ್ಥ ಆಗಲ್ಲ. ಫಾರ್ವರ್ಡ್ ತೆಗೆದು ನೋಡಿದ್ರೆ ಕೆಂಪಕ್ಷರದಲ್ಲಿ, ರಾತ್ರಿ ಲೈಟ್ ಹಾಕ್ಕೊಂಡಿದ್ರೆ ಬ್ರೆಸ್ಟ್ ಕ್ಯಾನ್ಸರ್ ಗ್ಯಾರಂಟಿ, ದಿನಾ ಒಂದು ಮೆಲಟೋನಿನ್ ಮಾತ್ರೆ ನುಂಗಿದ್ರೆ ಬರೋದೇ ಇಲ್ಲ ಅಂತ. ಹುಡುಗಿ ಆಗ್ಲೇ ಮಾತ್ರೆ ಆರ್ಡರ್ ಮಾಡಿ ಆಗಿತ್ತು.

ಎರಡೂ ಸುಳ್ಳು. ಆದ್ರೆ ಆ ಎರಡು ಸುಳ್ಳಿನ ಮಧ್ಯ ಒಂದು ನಿಜ ಸಿಕ್ಕಾಕ್ಕೊಂಡಿದೆ, ಅದು ಯಾರ ಫಾರ್ವರ್ಡಲ್ಲೂ ಬರಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದ್ಲು ಈ ಮೆಲಟೋನಿನ್ ಕಥೆ, ಇದು ರಾತ್ರಿ ಹೊತ್ತು ನಮ್ಮ ಮೈಯೇ ತಯಾರಿಸೋ ಹಾರ್ಮೋನ್. 1958ರಲ್ಲಿ ಇದನ್ನ ಬೇರ್ಪಡಿಸಿ ಹೆಸರಿಟ್ಟ ಏರನ್ ಲರ್ನರ್ ನಿದ್ದೆ ಡಾಕ್ಟರೂ ಅಲ್ಲ ಕ್ಯಾನ್ಸರ್ ಡಾಕ್ಟರೂ ಅಲ್ಲ, ಯೇಲ್ ಯೂನಿವರ್ಸಿಟಿಯ ಚರ್ಮದ ಡಾಕ್ಟರು. ಕಪ್ಪೆ ಚರ್ಮದ ಬಣ್ಣ ತಿಳಿ ಮಾಡೋ ವಸ್ತು ಹುಡುಕ್ತಾ ದನಗಳ ಪೀನಿಯಲ್ ಗ್ರಂಥಿ ರಾಶಿ ರಾಶಿ ಅರೆದು ಇದನ್ನ ತೆಗೆದ್ರು. ಪೀನಿಯಲ್ ಅಂದ್ರೆ ಮಿದುಳಿನ ನಡುವೆ ಅಕ್ಕಿಕಾಳಷ್ಟು ಇರೋ ಗ್ರಂಥಿ. ಅದಕ್ಕೆ ಕತ್ತಲಾಯ್ತು ಅಂತ ಸುದ್ದಿ ಮುಟ್ಟಿಸೋದು ಕಣ್ಣು. ನಮ್ಮ ರೆಟಿನಾದಲ್ಲಿ ಚಿತ್ರ ನೋಡೋಕಲ್ಲ, ಬರೀ ಬೆಳಕು ಎಷ್ಟಿದೆ ಅಂತ ಅಳೆಯೋಕೆ ಅಂತಾನೇ ಕೆಲವು ಜೀವಕೋಶ ಇದಾವೆ, ಅದ್ರಲ್ಲೂ ನೀಲಿ ಬೆಳಕು ಕಂಡ್ರೆ ಅವಕ್ಕೆ ಹಗಲು ಅಂತಾನೇ ಲೆಕ್ಕ. ಅಲ್ಲಿಂದ ಸುದ್ದಿ ಮಿದುಳಿನ ಮಾಸ್ಟರ್ ಗಡಿಯಾರಕ್ಕೆ ಹೋಗತ್ತೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ಅದು, ಅಲ್ಲಿಂದ ಪೀನಿಯಲ್‌ಗೆ. ಕತ್ತಲಿದ್ರೆ ಮೆಲಟೋನಿನ್ ಹರಿಯುತ್ತೆ, ಜೋರು ಲೈಟ್ ಬಿದ್ರೆ ನಿಮಿಷಗಳಲ್ಲಿ ಬಂದ್ ಆಗೋಕೆ ಶುರು.

ಇದನ್ನ ನಿದ್ದೆ ಹಾರ್ಮೋನ್ ಅಂತಾರಲ್ಲ, ನಂಗೆ ಆ ಹೆಸರು ಸರಿ ಅನ್ಸಲ್ಲ. ರಾತ್ರಿಯಿಡೀ ಓಡಾಡೋ ಪ್ರಾಣಿಗಳಿಗೂ ಇದು ರಾತ್ರಿನೇ ಜಾಸ್ತಿ, ಅವು ನಿದ್ದೆ ಮಾಡ್ತಿರಲ್ಲ. ಇದು ಮಲಗು ಅನ್ನಲ್ಲ, ರಾತ್ರಿ ಆಯ್ತು ಅನ್ನುತ್ತೆ ಅಷ್ಟೇ. ಊರಲ್ಲಿ ಡಂಗುರ ಸಾರಿದ ಹಾಗೆ, ಕೇಳಿಸ್ಕೊಂಡು ಏನ್ಮಾಡ್ಬೇಕು ಅನ್ನೋದು ಆಯಾ ಅಂಗಕ್ಕೆ ಬಿಟ್ಟಿದ್ದು. ಸ್ತನದ ಜೀವಕೋಶಗಳಿಗೂ ಆ ಡಂಗುರ ಕೇಳಿಸುತ್ತೆ, ಅವುಗಳ ಮೇಲೆ ಮೆಲಟೋನಿನ್ ರಿಸೆಪ್ಟರ್, ಅಂದ್ರೆ ಅದನ್ನ ಕೇಳಿಸ್ಕೊಳ್ಳೋ ಕಿವಿ ಇದೆ. ಲ್ಯಾಬಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶಗಳಿಗೆ ರಾತ್ರಿ ರಕ್ತದಲ್ಲಿ ಇರೋವಷ್ಟು ಮೆಲಟೋನಿನ್ ಹಾಕಿದ್ರೆ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್‌ನ ಕೂಗಾಟಕ್ಕೆ ಅವು ಅಷ್ಟಾಗಿ ಕಿವಿಗೊಡಲ್ಲ, ಬೆಳವಣಿಗೆ ನಿಧಾನ ಆಗುತ್ತೆ. ಸ್ತನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಈಸ್ಟ್ರೋಜನ್ ಕುಡಿದು ಬೆಳೆಯೋ ಥರದ್ದು, ಹಾಗಾಗಿ ಇದು ಸಣ್ಣ ಮಾತಲ್ಲ.

1987ರಲ್ಲಿ ರಿಚರ್ಡ್ ಸ್ಟೀವನ್ಸ್ ಅನ್ನೋ ಸಂಶೋಧಕರು ಇದನ್ನೆಲ್ಲ ಜೋಡಿಸಿ, ಕೈಗಾರಿಕೆ ಬೆಳೆದ ದೇಶಗಳಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಇರೋದಕ್ಕೆ ಕರೆಂಟ್ ಬಂದು ರಾತ್ರಿ ಬೆಳಕಾಗಿದ್ದೂ ಒಂದು ಕಾರಣ ಇರಬಹುದಾ ಅಂತ ಕೇಳಿದ್ರು. ಹಾಗಿದ್ರೆ ಪೂರ್ತಿ ಕಣ್ಣು ಕಾಣದ ಹೆಂಗಸರಿಗೆ ಈ ಕ್ಯಾನ್ಸರ್ ಕಮ್ಮಿ ಇರಬೇಕಲ್ವಾ? 1991ರಲ್ಲಿ ಬಂದ ಅಧ್ಯಯನ ಒಂದ್ರಲ್ಲಿ ಕಮ್ಮಿನೇ ಇತ್ತು. ಆಮೇಲೆ 2005ರಲ್ಲಿ ಡೇವಿಡ್ ಬ್ಲಾಸ್ಕ್ ತಂಡ ಮಾಡಿದ್ದು ನಂಗೆ ಇವತ್ತಿಗೂ ಮೈ ಜುಮ್ ಅನ್ಸೋ ಪ್ರಯೋಗ. ಆರೋಗ್ಯವಾಗಿರೋ ಹೆಂಗಸರ ರಕ್ತ ಮೂರು ಸಲ ತೆಗೆದ್ರು, ಹಗಲಲ್ಲಿ ಒಂದು, ರಾತ್ರಿ ಕತ್ತಲಲ್ಲಿ ಒಂದು, ರಾತ್ರಿನೇ ಆದ್ರೆ ಜೋರು ಬೆಳಕಲ್ಲಿ ಕೂರಿಸಿದ ಮೇಲೆ ಇನ್ನೊಂದು. ಇಲಿಗಳ ಮೈಯಲ್ಲಿ ಬೆಳೆಸಿದ ಮನುಷ್ಯರ ಸ್ತನ ಕ್ಯಾನ್ಸರ್ ಗಡ್ಡೆಗಳ ಮೂಲಕ ಆ ರಕ್ತ ಹರಿಸಿದ್ರು. ಕತ್ತಲ ರಕ್ತ ಹರಿದಾಗ ಗಡ್ಡೆ ಮಂಕಾಯ್ತು. ಬೆಳಕಲ್ಲಿ ಕೂತಿದ್ದವರ ರಕ್ತಕ್ಕೆ ಆ ಗುಣ ಇರ್ಲಿಲ್ಲ, ಹಗಲಿನ ರಕ್ತದ ಹಾಗೇ ಇತ್ತು. ಅದೇ ಹೆಂಗಸು, ಅದೇ ರಾತ್ರಿ ಸಮಯ, ಬದಲಾಗಿದ್ದು ಲೈಟ್ ಮಾತ್ರ.

ಇಷ್ಟು ಓದಿದ್ರೆ ಯಾರಿಗಾದ್ರೂ ಕೇಸ್ ಕ್ಲೋಸ್ ಅನ್ಸುತ್ತೆ. ಆದ್ರೆ ಇಲಿ ಮೇಲಿನ ಗಡ್ಡೆ ಬೇರೆ, ಮೂವತ್ತು ವರ್ಷದ ಬದುಕು ಬೇರೆ.

ಬದುಕಿನ ಲೆಕ್ಕ ಕೊಟ್ಟವರು ನಮ್ಮವರೇ, ನರ್ಸ್‌ಗಳು. 2001ರಲ್ಲಿ ಅಮೆರಿಕದ 78,000ಕ್ಕೂ ಹೆಚ್ಚು ನರ್ಸ್‌ಗಳ ಲೆಕ್ಕ ಬಂತು, 30 ವರ್ಷ ಮೇಲ್ಪಟ್ಟು ಬದಲಾಗೋ ಶಿಫ್ಟಲ್ಲಿ ನೈಟ್ ಮಾಡಿದವರಿಗೆ ಸ್ತನ ಕ್ಯಾನ್ಸರ್ ಸಾಧ್ಯತೆ ಅಂಥ ನೈಟ್ ಮಾಡದೇ ಇದ್ದವರಿಗಿಂತ 36% ಜಾಸ್ತಿ. ಇದನ್ನ ಓದಿ ನೂರಕ್ಕೆ 36 ಜನಕ್ಕೆ ಬರುತ್ತೆ ಅಂತ ತಿಳ್ಕೊಬೇಡಿ ದಯವಿಟ್ಟು, ಮೊದಲೇ ಇರೋ ಸಾಧ್ಯತೆ ಮೇಲೆ ಅಷ್ಟು ಪಾಲು ಸೇರುತ್ತೆ ಅಂತ ಅರ್ಥ. ಇನ್ನೊಂದು ವಿಷ್ಯ, ಆ ಅಧ್ಯಯನದಲ್ಲಿ ಲೆಕ್ಕಕ್ಕೆ ಸೇರೋಕೆ ತಿಂಗಳಿಗೆ 3 ನೈಟ್ ಇದ್ರೆ ಸಾಕಿತ್ತು. ತಿಂಗಳಿಗೆ ಮೂರು! ನಮ್ಮ ಡ್ಯೂಟಿ ರೂಮಲ್ಲಿ ಇದನ್ನ ಹೇಳಿದಾಗ ಎಲ್ರೂ ಬಿದ್ದು ಬಿದ್ದು ನಕ್ಕಿದ್ರು.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಶಿಫ್ಟ್ ಕೆಲಸವನ್ನ 2ಎ ಪಟ್ಟಿಗೆ ಸೇರಿಸ್ತು, ಅಂದ್ರೆ "ಬಹುಶಃ ಕ್ಯಾನ್ಸರ್‌ಕಾರಕ". 2019ರಲ್ಲಿ ಮತ್ತೆ ಕೂತು ನೋಡಿ ಅದನ್ನೇ ಉಳಿಸ್ಕೊಂಡ್ರು. ಡೆನ್ಮಾರ್ಕ್‌ನಲ್ಲಿ ಸುಮಾರು 40 ಹೆಂಗಸರಿಗೆ ವರ್ಷಾನುಗಟ್ಲೆ ನೈಟ್ ಮಾಡಿ ಸ್ತನ ಕ್ಯಾನ್ಸರ್ ಬಂತು ಅಂತ ಪರಿಹಾರನೂ ಕೊಟ್ರು. ಆದ್ರೆ 2016ರಲ್ಲಿ ಬ್ರಿಟನ್ನಿನವರು ತಮ್ಮ ಮೂರು ಅಧ್ಯಯನ, ಜೊತೆಗೆ ಹೊರಗಿನ ಏಳು ಸೇರ್ಸಿ 14 ಲಕ್ಷ ಹೆಂಗಸರ ಲೆಕ್ಕ ಹಾಕಿ ಏನೂ ವ್ಯತ್ಯಾಸ ಇಲ್ಲ ಅಂದ್ಬಿಟ್ರು. ಪೇಪರ್‌ಗಳಲ್ಲಿ ನೈಟ್ ಶಿಫ್ಟ್‌ಗೆ ಕ್ಲೀನ್ ಚಿಟ್. ಆ ಬ್ರಿಟಿಷ್ ಹೆಂಗಸರಲ್ಲಿ ತುಂಬಾ ಜನ ವಯಸ್ಸಾದವರು, ನೈಟ್ ಬಿಟ್ಟು ಎಷ್ಟೋ ಕಾಲ ಆದವರು ಅಂತ ತಕರಾರೂ ಬಂತು. ಮರುವರ್ಷ ಅಮೆರಿಕದ ಅದೇ ನರ್ಸ್‌ಗಳ ಲೆಕ್ಕ ಮುಂದುವರಿಸಿ, ಕಿರಿಯರ ಇನ್ನೊಂದು ಗುಂಪನ್ನೂ ಸೇರ್ಸಿ ನೋಡಿದಾಗ, ವಯಸ್ಸಾದ ಗುಂಪಲ್ಲಿ ಹೆಚ್ಚಳ ಕಾಣ್ಲಿಲ್ಲ, ಕಿರಿಯರ ಗುಂಪಲ್ಲಿ ಚಿಕ್ಕ ವಯಸ್ಸಿಂದಾನೇ 20 ವರ್ಷಕ್ಕೂ ಮೇಲೆ ನೈಟ್ ಮಾಡಿದವರಲ್ಲಿ ಚೆನ್ನಾಗೇ ಕಾಣ್ತು.

ನಂಗೆ ಚುಚ್ಚೋದು ಇದೇ. ಯಾವ ವಯಸ್ಸಲ್ಲಿ ಜಾಸ್ತಿ ಹುಷಾರಾಗಿರಬೇಕೋ ಅದೇ ವಯಸ್ಸಲ್ಲಿ ನಮ್ಮನ್ನ ನೈಟ್‌ಗೆ ತಳ್ಳೋದು. ಕೋರ್ಸ್ ಮುಗ್ಸಿ ಬಂದ ಇಪ್ಪತ್ತೊಂದರ ಹುಡುಗಿಗೆ ಸಾಲಾಗಿ ನೈಟ್ ಹಾಕ್ತಾರೆ, ಕೇಳಿದ್ರೆ "ಹೊಸಬಳು ತಾನೇ, ಮಾಡ್ಲಿ ಬಿಡಿ" ಅಂತಾರೆ. ನಂಗೂ ಹಾಗೇ ಅಂದಿದ್ರು.

ನಮ್ಮ ಸೀನಿಯರ್ ಒಬ್ರು, ಇಪ್ಪತ್ತಾರು ವರ್ಷ ಸರ್ವಿಸ್, ಕೀಮೋ ಮಧ್ಯದಲ್ಲಿ ಒಂದಿನ ನನ್ ಕೈ ಹಿಡ್ಕೊಂಡು "ನೈಟ್ ಮಾಡಿದ್ದಕ್ಕೇ ಬಂತೇನೇ ಇದು" ಅಂದ್ರು. ಹೌದು ಅನ್ನೋಕೂ ಆಗ್ಲಿಲ್ಲ, ಇಲ್ಲ ಅನ್ನೋಕೂ ಆಗ್ಲಿಲ್ಲ. ವಯಸ್ಸು, ಮನೆತನದಲ್ಲಿ ಬಂದ ಜೀನ್, ಮುಟ್ಟು ನಿಂತ ಮೇಲಿನ ತೂಕ, ಮದ್ಯ, ಹೆರಿಗೆ ಯಾವಾಗ ಆಯ್ತು, ಹಾಲೂಡಿಸಿದ್ರಾ, ಇವೆಲ್ಲ ಸೇರಿ ನಡೆಯೋ ಲೆಕ್ಕ ಇದು. ಸಾವಿರಾರು ಜನರಲ್ಲಿ ಕಾಣೋದನ್ನ ಒಬ್ಬರ ಮೈಯಲ್ಲಿ ಬೊಟ್ಟು ಮಾಡಿ ತೋರ್ಸೋಕಾಗಲ್ಲ. ಅವರ ಡ್ರಿಪ್ ಸರಿ ಮಾಡಿ ಸುಮ್ನೆ ಪಕ್ಕದಲ್ಲಿ ಕೂತೆ.

ಇನ್ನು ಕತ್ತಲೆಯೇ ಔಷಧಿ ಅನ್ನೋರಿಗೆ ಒಂದು ಮಾತು. 2022ರಲ್ಲಿ ಸ್ವಿಟ್ಜರ್ಲೆಂಡಿನ ತಂಡ 30 ಜನ ಸ್ತನ ಕ್ಯಾನ್ಸರ್ ರೋಗಿಗಳ ರಕ್ತವನ್ನ ಬೆಳಗಿನ ಜಾವ 4ಕ್ಕೊಂದು ಸಲ, ಬೆಳಿಗ್ಗೆ 10ಕ್ಕೊಂದು ಸಲ ತೆಗೆದು ನೋಡ್ತು. ಗಡ್ಡೆಯಿಂದ ಕಳಚಿ ರಕ್ತದಲ್ಲಿ ಓಡಾಡೋ ಕ್ಯಾನ್ಸರ್ ಕೋಶಗಳಲ್ಲಿ ಸುಮಾರು 78% ಸಿಕ್ಕಿದ್ದು ಆ 4 ಗಂಟೆ ಸ್ಯಾಂಪಲ್‌ನಲ್ಲಿ, ಜನ ನಿದ್ದೆಯಲ್ಲಿದ್ದಾಗ! ಅದಕ್ಕೇಂತ ನಿದ್ದೆ ಬಿಡಿ ಅಂತಲ್ಲ, ಆ ಅರ್ಥ ಎಲ್ಲೂ ಇಲ್ಲ. ಗಡ್ಡೆಗೂ ಹಗಲು ರಾತ್ರಿ ಇದೆ ಅಂತ ಅದ್ರ ಅರ್ಥ. ಸ್ಯಾಂಪಲ್ ತೆಗೆದ ಟೈಮ್ ಬರೀರಮ್ಮ ಅಂತ ನಾವು ಗೋಳಾಡ್ತಿದ್ವಲ್ಲ, ಅದಕ್ಕೊಂದು ಮರ್ಯಾದೆ ಬಂತು ಅಂತ ನಂಗೆ ಖುಷಿ.

ಹಾಗಿದ್ಮೇಲೆ ಮಾತ್ರೆ? ಮೆಲಟೋನಿನ್ ನುಂಗಿದ್ರೆ ಸ್ತನ ಕ್ಯಾನ್ಸರ್ ಬರಲ್ಲ ಅಂತ ಯಾವ ದೊಡ್ಡ ಟ್ರಯಲ್ಲೂ ತೋರ್ಸಿಲ್ಲ. ನೈಟ್ ಡ್ಯೂಟಿಯಲ್ಲಿ ಕೆಡೋದು ಮೆಲಟೋನಿನ್ ಒಂದೇ ಅಲ್ಲ, ಊಟದ ಹೊತ್ತು, ಕಾರ್ಟಿಸೋಲ್ ಅನ್ನೋ ಒತ್ತಡದ ಹಾರ್ಮೋನ್, ನಿದ್ದೆ, ಸ್ತನದ ಕೋಶದೊಳಗೇ ಟಿಕ್ ಟಿಕ್ ಅನ್ನೋ ಗಡಿಯಾರದ ಜೀನ್‌ಗಳು, ಎಲ್ಲಾ ಒಂದಕ್ಕೊಂದು ತಾಳ ತಪ್ಪುತ್ತೆ. ಹೊತ್ತಲ್ಲದ ಹೊತ್ತಲ್ಲಿ ನುಂಗಿದ್ರೆ ಗಡಿಯಾರ ಇನ್ನೊಂದು ಕಡೆ ಜಾರುತ್ತೆ. ಮೇಲಾಗಿ 2017ರಲ್ಲಿ ಕೆನಡಾದಲ್ಲಿ 31 ಬಗೆ ಮೆಲಟೋನಿನ್ ಸಪ್ಲಿಮೆಂಟ್ ಟೆಸ್ಟ್ ಮಾಡಿದಾಗ ಲೇಬಲ್ ಮೇಲೆ ಬರೆದಿದ್ದಕ್ಕಿಂತ 83% ಕಮ್ಮಿ ಇರೋದೂ ಇತ್ತು, 478% ಜಾಸ್ತಿ ಇರೋದೂ ಇತ್ತು. ಟ್ರೀಟ್‌ಮೆಂಟಲ್ಲಿ ಇರೋರು ಅಂತೂ ಡಾಕ್ಟರ್‌ನ ಕೇಳ್ದೆ ಮುಟ್ಲೇಬೇಡಿ.

ಫೋನ್ ದೂರ ಇಡಿ, ದಪ್ಪ ಕರ್ಟನ್ ಹಾಕಿ ಅಂತೆಲ್ಲ ಹೇಳ್ತಾರಲ್ಲ, ಒಳ್ಳೇದೇ, ಮಾಡಿ. ಆದ್ರೆ ತಪ್ಪೆಲ್ಲ ನಮ್ಮ ಬೆಡ್‌ರೂಮಲ್ಲೇ ಇದೆ ಅನ್ನೋ ಥರ ಮಾತಾಡ್ಬೇಡಿ. 2020ರಲ್ಲಿ ಕೆಲವು ಸಂಶೋಧಕರು ಕೂತು ನೈಟ್ ಡ್ಯೂಟಿ ಹೇಗಿರ್ಬೇಕು ಅಂತ ಬರೆದಿಟ್ಟಿದಾರೆ, ಸತತ 3 ನೈಟ್‌ಗಿಂತ ಬೇಡ, ಒಂದು ಡ್ಯೂಟಿಯಿಂದ ಇನ್ನೊಂದಕ್ಕೆ ಕನಿಷ್ಠ 11 ಗಂಟೆ ಅಂತರ, ಒಂದು ಡ್ಯೂಟಿ 9 ಗಂಟೆ ಮೀರ್ಬಾರ್ದು, ಗರ್ಭಿಣಿಗೆ ವಾರಕ್ಕೆ ಒಂದೇ. ಇದಕ್ಕೆ ಮಾತ್ರೆ ಬೇಡ, ಲ್ಯಾಬ್ ಬೇಡ, ಡ್ಯೂಟಿ ಚಾರ್ಟ್ ಬರೆಯೋ ಕೈ ಮನಸ್ಸು ಮಾಡ್ಬೇಕು ಅಷ್ಟೇ.

ಇಷ್ಟೆಲ್ಲ ಅವಳಿಗೆ ವಾಯ್ಸ್ ಮೆಸೇಜಲ್ಲಿ ಹೇಳ್ದೆ. "ಹಂಗಾದ್ರೆ ಆರ್ಡರ್ ಕ್ಯಾನ್ಸಲ್ ಮಾಡ್ಲಾ ಅಕ್ಕಾ" ಅಂದ್ಲು. ಮಾಡು ಅಂದೆ, ಆಮೇಲೆ ಮುಂದಿನ ತಿಂಗಳ ಚಾರ್ಟಲ್ಲಿ ನಿಂಗೆ ಸತತ ಎಷ್ಟು ನೈಟ್ ಇದೆ ಅಂತ ಕೇಳ್ದೆ.

"ಏಳು."

ಫೋಟೋ ತೆಗ್ದು ಕಳ್ಸು ಅಂದೆ. ಅಂಥ ಫೋಟೋ ಈಗ ನನ್ ಫೋನಲ್ಲಿ ಹನ್ನೊಂದು ಇದೆ, ಸೋಮವಾರ ಮೀಟಿಂಗ್ ಇದೆ, ಪ್ರಿಂಟ್ ತೆಗೆಸ್ಕೊಂಡೇ ಹೋಗ್ತೀನಿ.