ಬಿನಾಲೆಗಿಂತ ಮುಂಚೆ ಕೊಚ್ಚಿ ಖಾಲಿ ಇತ್ತಾ?

‘2012ರಲ್ಲಿ ಬಿನಾಲೆ ಶುರುವಾದ ಮೇಲೆಯೇ ಫೋರ್ಟ್ ಕೊಚ್ಚಿಗೆ ಕಲೆ ಬಂತು’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬಿನಾಲೆ ಅಂದರೆ ಎರಡು ವರ್ಷಕ್ಕೊಮ್ಮೆ ಕೊಚ್ಚಿಯಲ್ಲಿ ನಡೆಯುವ ದೊಡ್ಡ ಕಲಾ ಪ್ರದರ್ಶನ. ಈ ಮಾತು ಒಪ್ಪೋಕೆ ಆಗಲಿಲ್ಲ. ಬಿನಾಲೆ ನಡೆಯುವ ಆಸ್ಪಿನ್‌ವಾಲ್ ಹೌಸ್ ಎದುರು ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೇ ಮಟ್ಟಾಂಚೇರಿ ಅರಮನೆ. ಹೆಸರು ಡಚ್ ಪ್ಯಾಲೇಸ್, ಆದರೆ ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟವರು ಪೋರ್ಚುಗೀಸರು. ಡಚ್ಚರದು ಬರೀ ರಿಪೇರಿ! ಒಳಗೆ ಮಲಗುವ ಕೋಣೆಯ ಗೋಡೆ ತುಂಬಾ ರಾಮಾಯಣದ ಚಿತ್ರಗಳು. ಬಿಸಿಲಿಂದ ಒಳಗೆ ಹೋದಾಗ ನನಗೆ ಮೊದಲು ಏನೂ ಕಾಣಿಸಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಬೆರಳಗಲ ಜಾಗವೂ ಬರಿದಾಗಿಲ್ಲ, ಎಲ್ಲಾ ಕಾವಿ, ಹಳದಿ, ಹಸಿರು.

ಇನ್ನು ಚವಿಟ್ಟು ನಾಟಕದ ಹೆಸರೇ ಇಲ್ವಲ್ಲ? ಪೋರ್ಚುಗೀಸರ ಕಾಲದಲ್ಲಿ ಕೇರಳದ ಕರಾವಳಿ ಕ್ರೈಸ್ತರು ಬೆಳೆಸಿದ, ಹಾಡು-ಕುಣಿತದ ನಾಟಕ ಅದು. ಹೆಸರಾದ ಕಥೆ ಯುರೋಪಿನ ಶಾರ್ಲಮೇನ್ ಚಕ್ರವರ್ತಿಯದು, ಹಾಡು ತಮಿಳು ಬೆರೆತದ್ದು. ಮರದ ಹಲಗೆಯ ರಂಗದ ಮೇಲೆ ಕಾಲು ಅಪ್ಪಳಿಸಿದರೆ ಸದ್ದು ಎದೆಗೇ ಬಡಿಯುತ್ತದೆ. ನಮ್ಮ ಯಕ್ಷಗಾನ ನೋಡಿ ಬೆಳೆದವರಿಗಂತೂ ಜಾಸ್ತಿನೇ ಹಿಡಿಸುತ್ತದೆ. ಮುಚ್ಚಿದ್ದ ಹಳೇ ಗೋದಾಮುಗಳ ಬಾಗಿಲು ತೆಗೆಸಿದ್ದು ಬಿನಾಲೆಯೇ, ಅದು ನಿಜ. ಅದಕ್ಕಂತ ಉಳಿದಿದ್ದನ್ನೆಲ್ಲ ಸುಮ್ನೆ ಅಳಿಸಿಬಿಡೋದಾ?